ಐವತ್ತೊಂಬತ್ತನೇ ಪ್ಲೇಟು

ಮಂಗಳವಾರ ಬೆಳಿಗ್ಗೆ ಅವನು ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದ. ಎರಡು ಸಲವೂ ಹೆಂಡತಿ ನೋಡಿದಳು, ಎರಡು ಸಲವೂ ಏನೂ ಹೇಳಲಿಲ್ಲ. ಇಪ್ಪತ್ತೆರಡು ವರ್ಷ ಗಣಿತ ಕಲಿಸಿದವಳು. ಮಕ್ಕಳು ತಪ್ಪು ಮಾಡುವಾಗ ನಡುವೆ ಬಾಯಿ ಹಾಕದೆ, ಪೂರ್ತಿ ಮಾಡಿ ಮುಗಿಸಲಿ ಎಂದು ಕಾಯುವ ಅಭ್ಯಾಸ ಅವಳದು. ಅವನು ಆ ಪಾಕವನ್ನು ಮುಖ ಕಿವಿಚದೆ ಕುಡಿದು ಡಬ್ಬಿಯನ್ನು ಕಪಾಟಿನಲ್ಲಿಟ್ಟ. ಕಪಾಟಿನ ತುಂಬ ಅವನದೇ ಕಾರುಬಾರು. ಸಕ್ಕರೆ, ಉಪ್ಪು, ಚಹಾಪುಡಿ, ಎಲ್ಲ ಡಬ್ಬಿಗೂ ಲ್ಯಾಬಿನಿಂದ ತಂದ ನೀಲಿ ಟೇಪು, ಅದರ ಮೇಲೆ ತುಂಬಿಸಿದ ತಾರೀಕು, ಬಲತುದಿ ಅಕ್ಕಿಕಾಳಿನಷ್ಟು ಒಳಕ್ಕೆ ಮಡಚಿದ್ದು. ಕೈಗವಸು ಹಾಕಿಕೊಂಡು ಟೇಪು ಕೀಳುವವರಿಗಷ್ಟೇ ಆ ಮಡಿಕೆಯ ಸುಖ ಗೊತ್ತು. 'ಸಕ್ಕರೆಗೇನು ರೋಗ ಬಂದಿದೆ ಅಂತ ಚೀಟಿ ಅಂಟಿಸ್ತೀರ್ರೀ' ಎಂದು ಮದುವೆಯಾದ ಹೊಸದರಲ್ಲಿ ಅವಳು ನಗುತ್ತಿದ್ದಳು. ಈಗ ಚೀಟಿ ಇಲ್ಲದ ಡಬ್ಬಿ ಕಂಡರೆ ಅವಳೇ ಟೇಪು ಹುಡುಕುತ್ತಾಳೆ.

"ಬೆನ್ನು ಹೇಗಿದೆ?" ಎಂದು ಕೇಳಿದಳು.

"ಯಾವ ಬೆನ್ನು?" ಅಂದ. ಅಂದ ಮೇಲೆ ಜ್ಞಾಪಕ ಬಂತು. ಶುಕ್ರವಾರದಿಂದ ಅವನಿಗೆ ಬೆನ್ನುನೋವು. ಅದಕ್ಕೇ ಅವನು ಹೊರಗಿನ ಕೋಣೆಯಲ್ಲಿ ನೆಲದ ಮೇಲೆ ಮಲಗುತ್ತಿರುವುದು. "ಹಾಗೇ ಇದೆ," ಎಂದು ಸೊಂಟಕ್ಕೆ ಕೈ ಕೊಟ್ಟ. ಕೊಟ್ಟದ್ದು ನಿನ್ನೆ ಹಿಡಿದುಕೊಂಡಿದ್ದ ಮಗ್ಗುಲಿಗಲ್ಲ ಎನ್ನುವುದು ಮೆಟ್ಟಿಲು ಇಳಿಯುವಾಗ ಹೊಳೆಯಿತು. ಅವಳು ಒಳಗಿನಿಂದ ಸ್ಕೂಲಿನ ವಿಷಯ ಇನ್ನೇನೋ ಹೇಳಿದಳು, ಅವನು ಹೂಂ ಅಂದ. ಕೆಳಗೆ ಅಂಚೆಪೆಟ್ಟಿಗೆಗಳ ಸಾಲು. ತಮ್ಮ ಪೆಟ್ಟಿಗೆಯ ಸಂದಿಗೆ ಕಣ್ಣಿಟ್ಟು ನೋಡಿದ. ಖಾಲಿ. ಅಂಚೆಯವನು ಬರುವುದು ಮಧ್ಯಾಹ್ನ ಮೂರಕ್ಕೆ ಎಂದು ಗೊತ್ತಿದ್ದೂ ನೋಡಿದ. ಇವತ್ತಲ್ಲದಿದ್ದರೆ ನಾಳೆ ಒಂದು ಲಕೋಟೆ ಅಲ್ಲಿ ಬಂದು ಬೀಳುತ್ತದೆ, ಅವಳ ಹೆಸರಿಗೆ. ಶನಿವಾರ ಅದನ್ನು ಅಂಚೆಗೆ ಹಾಕಿದವನು ಅವನೇ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಎದುರು ಸೀಟಿನಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು, ಇಬ್ಬರ ನಡುವೆ ಒಂದು ಚೀಲ. ಅವನ ಕೆಲಸದವರಿಗೆ ಬರುವ ಕೆಟ್ಟ ಚಟವೆಂದರೆ ಜನರನ್ನು ಜೋಡಿ ಹಾಕಿ ನೋಡುವುದು. ಊರಿನ ಚಿಕಿತ್ಸಾಲಯಗಳಿಂದ ಗೊನೊರಿಯಾ ಇದ್ದವರ ಮಾದರಿಗಳು ಲ್ಯಾಬಿಗೆ ಬರುತ್ತವೆ, ಹೆಸರಿಲ್ಲ, ನಂಬರು ಮಾತ್ರ. ಅವನು ಅವನ್ನು ಪ್ಲೇಟಿನ ಮೇಲೆ ಬೆಳೆಸುತ್ತಾನೆ, ಬೆಳೆದ ಬ್ಯಾಕ್ಟೀರಿಯಾದ ಡಿಎನ್ಎ ತೆಗೆದು ಕತ್ತರಿಸುತ್ತಾನೆ, ಚೂರುಗಳನ್ನು ಜೆಲ್ಲಿನಲ್ಲಿ ಕರೆಂಟು ಕೊಟ್ಟು ಓಡಿಸುತ್ತಾನೆ. ಸಣ್ಣ ಚೂರು ಮುಂದೆ, ದಪ್ಪ ಚೂರು ಹಿಂದೆ, ಕೊನೆಗೆ ಏಣಿಯ ಮೆಟ್ಟಿಲಿನ ಹಾಗೆ ಪಟ್ಟೆ ಪಟ್ಟೆ. ಇಬ್ಬರ ಪಟ್ಟೆ ಸಾಲಾಗಿ ಹೊಂದಿದರೆ ಇಬ್ಬರಲ್ಲಿರುವುದು ಒಂದೇ ತಳಿ; ಒಬ್ಬರಿಂದ ಇನ್ನೊಬ್ಬರಿಗೆ, ಅಥವಾ ಇಬ್ಬರಿಗೂ ಮೂರನೆಯವರಿಂದ. ಹನ್ನೆರಡನೇ ನಂಬರು ಮೂವತ್ತೊಂದರ ಪರಿಚಯವೇ ಇಲ್ಲ ಎಂದು ಆಣೆ ಮಾಡಲಿ, ಪಟ್ಟೆಗಳು ಹಳೇ ನೆಂಟರ ಹಾಗೆ ಪಕ್ಕಪಕ್ಕದಲ್ಲಿ ನಿಂತಿರುತ್ತವೆ. ಇಪ್ಪತ್ತು ವರ್ಷದಿಂದ ಅವನು ಮುಖವಿಲ್ಲದ ಜನರ ಗುಟ್ಟು ಓದುತ್ತ ಬಂದಿದ್ದಾನೆ. ಇದರಿಂದ ಅವನಿಗೆ ಒಂದು ಬಗೆಯ ಕೊಬ್ಬು ಬಂದಿತ್ತು, ಊರೆಲ್ಲ ಬೆತ್ತಲೆ, ತಾನೊಬ್ಬನೇ ಬಟ್ಟೆ ಹಾಕಿಕೊಂಡವನು ಎನ್ನುವಂಥ ಕೊಬ್ಬು.

ಹೆಂಡತಿಗೆ ಇದನ್ನೆಲ್ಲ ವಿವರಿಸಿದ್ದು ಮದುವೆಗೆ ಮುಂಚೆ, ಹಿರಿಯರು ಇಬ್ಬರನ್ನೇ ಮಾತಾಡಲು ಬಿಟ್ಟ ಅರ್ಧ ಗಂಟೆಯಲ್ಲಿ. ಬೇರೆ ಗಂಡುಗಳು ಆ ಹೊತ್ತಿಗೆ ಏನು ಮಾತಾಡುತ್ತಾರೋ, ಇವನು ಗೊನೊರಿಯಾ ಮಾತಾಡಿದ್ದ. ಅವಳು ಸ್ವಲ್ಪವೂ ಬೆಚ್ಚದೆ, "ಓ, ನಾನು ಮಾಡೋದೂ ಅದೇ," ಅಂದಿದ್ದಳು. "ಇಬ್ಬರು ಹುಡುಗರು ಒಂದೇ ಲೆಕ್ಕ ಸರಿ ಮಾಡಿದ್ರೆ ನನಗೆ ಏನೂ ಗೊತ್ತಾಗಲ್ಲ. ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡಿರಬೇಕು. ಸರಿ ಉತ್ತರ ಎಲ್ಲರದ್ದೂ ಒಂದೇ ಥರ ಇರತ್ತೆ, ತಪ್ಪು ಮಾತ್ರ ಅವರವರದ್ದು. ಎರಡಕ್ಕೂ ಕೆಂಪು ಸುತ್ತು ಹಾಕ್ತೀನಿ." ಅವನಿಗೆ ಅಲ್ಲೇ ಅವಳು ಇಷ್ಟವಾಗಿ ಹೋದಳು. ಆಮೇಲೆ ಎಷ್ಟೋ ಸಂಜೆ ಅವನು ಲ್ಯಾಬಿನ ತಮಾಷೆ ಹೊತ್ತು ತರುವುದು, ಅವಳು ಸ್ಕೂಲಿನದು. ಒಮ್ಮೆ ರೋಗಿಯೊಬ್ಬ ತುಂಬಿಸಿದ ಫಾರಂ ಬಂದಿತ್ತು. ಕಳೆದ ಮೂರು ತಿಂಗಳಲ್ಲಿ ಎಷ್ಟು ಜನರ ಸಂಪರ್ಕ ಎಂಬ ಪ್ರಶ್ನೆಯ ಎದುರು, ಸಂಖ್ಯೆ ಬರೆಯಬೇಕಾದ ಜಾಗದಲ್ಲಿ, ಆ ಪುಣ್ಯಾತ್ಮ 'ಅಷ್ಟೇನಿಲ್ಲ' ಎಂದು ಬರೆದಿದ್ದ. ಲ್ಯಾಬು ಒಂದು ವಾರ ನಕ್ಕಿತು. ಮನೆಯಲ್ಲಿ ಹೇಳಿದಾಗ ಹೆಂಡತಿಗೆ ನಗು ನೆತ್ತಿಗೇರಿ, ಇವನೇ ಬೆನ್ನು ತಟ್ಟಿ ನೀರು ಕುಡಿಸಬೇಕಾಯಿತು. ಎಷ್ಟೋ ದಿನ ಆ ಮಾತು ಮನೆಯಲ್ಲಿ ಓಡಾಡಿಕೊಂಡಿತ್ತು. ಹಸಿವೆಯೇ, ಅಷ್ಟೇನಿಲ್ಲ. ಕೋಪವೇ, ಅಷ್ಟೇನಿಲ್ಲ.

ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತು. ಎದುರಿನ ಹೆಂಗಸು ಇವನನ್ನು ನೋಡಿದ್ದರಿಂದ ಇವನು ಕಿಟಕಿಯಾಚೆ ನೋಡಿದ. ತರಬೇತಿಯ ಊರಿನಲ್ಲೂ ಇಂಥದೇ ಸಿಗ್ನಲ್ಲು, ಇಂಥದೇ ಔಷಧಿ ಅಂಗಡಿ. ಎರಡು ತಿಂಗಳ ಹಿಂದೆ ಹೊಸ ಮೆಷಿನ್ನಿನ ತರಬೇತಿಗೆ ಐದು ದಿನ ಹೋಗಿದ್ದ. ಮೂರನೇ ದಿನ ಮೆಷಿನ್ನು ಕೆಟ್ಟಿತು. ಮಧ್ಯಾಹ್ನ ಎಲ್ಲರಿಗೂ ಬಿಡುವು ಕೊಟ್ಟರು. ಪಕ್ಕದ ಬೆಂಚಿನ ಹೆಂಗಸು, ಇನ್ನೊಂದು ಊರಿನ ಲ್ಯಾಬಿನವಳು, ಇವನ ತಮಾಷೆಗಳಿಗೆ ಹೆಂಡತಿ ಮೊದಮೊದಲು ನಗುತ್ತಿದ್ದ ಹಾಗೆ ನಗುತ್ತಿದ್ದಳು. 'ಅಷ್ಟೇನಿಲ್ಲ'ದ ಕಥೆಯನ್ನೂ ಅವಳಿಗೆ ಹೇಳಿದ್ದ. ಅದೊಂದು ನೆನೆಸಿಕೊಂಡರೆ ಉಳಿದದ್ದಕ್ಕಿಂತ ಹೆಚ್ಚು ನಾಚಿಕೆಯಾಗುತ್ತದೆ. ಮೆಷಿನ್ನು ಐದು ಗಂಟೆಗೆ ರಿಪೇರಿಯಾಯಿತು ಎಂದು ಫೋನು ಬಂದಾಗ ಇಬ್ಬರೂ ಅವಳ ಕೋಣೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಬೂಟು ಹುಡುಕುತ್ತಿದ್ದರು. ನಾಲ್ಕನೇ ದಿನ ಅವಳು ಬೇರೆ ಬೆಂಚಿಗೆ ಹೋದಳು. ಅಷ್ಟೇ ನಡೆದದ್ದು. ಮೆಷಿನ್ನು ಕೆಡದೆ ಇದ್ದಿದ್ದರೆ ತಾನು ಇಂದಿಗೂ ಸಭ್ಯನೇ ಎಂದು ಅವನು ಆ ಕಂಪನಿಯ ಮೇಲೆ ತಪ್ಪು ಹೊರಿಸಿ ನೋಡಿದ್ದ. ಹೊರೆ ಜಾರಿ ಜಾರಿ ಇವನ ತಲೆಗೇ ಬಂದು ಕೂತಿತು.

ಕಳೆದ ವಾರ ಉಚ್ಚೆ ಹೊಯ್ಯುವಾಗ ಉರಿ ಶುರುವಾಯಿತು. ನೀರು ಕಡಿಮೆ ಕುಡಿದರೆ ಎಲ್ಲರಿಗೂ ಆಗುವಂಥದ್ದೇ, ಬೇರೆಯವರಿಗಾಗಿದ್ದರೆ ಇವನೇ ಹಾಗೆಂದು ಕಳಿಸಿಬಿಡುತ್ತಿದ್ದ. ತನಗಾದಾಗ ಮಾತ್ರ ಪುಸ್ತಕ ಪೂರ್ತಿ ನೆನಪಾಯಿತು. ಚಿಕಿತ್ಸಾಲಯಕ್ಕೆ ಹೋಗುವಂತಿಲ್ಲ, ಅಲ್ಲಿಯ ನರ್ಸು ಇವನನ್ನು ಕಂಡರೆ ಅಣ್ಣಾ ಅಂತ ಹಾಲ್ ತುಂಬ ಕೇಳುವ ಹಾಗೆ ಕೂಗುತ್ತಾಳೆ. ಬುಧವಾರ ಎಲ್ಲರೂ ಊಟಕ್ಕೆ ಹೋದಾಗ ಕಕ್ಕಸಿನ ಚಿಲಕ ಹಾಕಿಕೊಂಡು ತನ್ನ ಮಾದರಿ ತಾನೇ ತೆಗೆದುಕೊಂಡ. ಹತ್ತಿಯ ಕಡ್ಡಿ ಎಷ್ಟು ಸಣ್ಣದು ಎಂದು ಇಪ್ಪತ್ತು ವರ್ಷ ಲ್ಯಾಬಿನಲ್ಲಿ ಕೂತು ಹೇಳಿಕೊಂಡು ಬಂದವನಿಗೆ ಅದು ಒಲೆ ಊದುವ ಕೊಳವೆಯಷ್ಟು ದಪ್ಪ ಕಂಡಿತು. ಕಣ್ಣಲ್ಲಿ ನೀರು ತುಂಬಿಕೊಂಡು ಬೆಂಚಿಗೆ ಬಂದು, ಆ ವಾರದ ಐವತ್ತೆಂಟು ಪ್ಲೇಟಿನ ಪಕ್ಕ ಐವತ್ತೊಂಬತ್ತನೆಯದನ್ನು ಇಟ್ಟು, ಮಾದರಿ ಹಚ್ಚುವ ತಂತಿಯ ಲೂಪು ಹಿಡಿದು ಗೆರೆ ಎಳೆಯುವಷ್ಟರಲ್ಲಿ ಹಜಾರದಲ್ಲಿ ಲ್ಯಾಬಿನ ಮುಖ್ಯಸ್ಥೆ ಮೇಡಮ್ಮಿನ ಚಪ್ಪಲಿ ಸದ್ದು. ಎಳೆದ ಗೆರೆ ಎಳೆದ ಹಾಗೇ ಮುಚ್ಚಳ ಮುಚ್ಚಿದ.

ಶುಕ್ರವಾರ ಪ್ಲೇಟಿನ ಮೇಲೆ ಬೆಳೆದಿತ್ತು. ಮಿರಿಮಿರಿ ಮಿಂಚುವ ಸಣ್ಣ ಹನಿಗಳು, ಒಂದು ಸಂಶಯವೂ ಬೇಡವೆನ್ನುವಷ್ಟು ಚೆನ್ನಾಗಿ. ಪರೀಕ್ಷೆಯ ದ್ರವ ಬಿಟ್ಟರೆ ಕ್ಷಣದಲ್ಲಿ ನೇರಳೆ, ಎಂದರೆ ಗೊನೊರಿಯಾ. ಅವನು ಸ್ಟೂಲಿನ ಮೇಲೆ ಕೂತುಬಿಟ್ಟ. ತನ್ನ ಪಾಡು ಹೇಗೂ ಇರಲಿ, ಎರಡು ತಿಂಗಳಿಂದ ಅವಳಿಗೂ ದಾಟಿಸಿರಬಹುದು. ಹೆಂಗಸರಲ್ಲಿ ಎಷ್ಟೋ ಸಲ ಇದು ಏನೂ ಸುಳಿವು ಕೊಡದೆ ಒಳಗೊಳಗೇ ಕೂತು ಕೆಡಿಸುತ್ತದೆ. ಹೇಳಲೇಬೇಕು. ಆ ಸಂಜೆ ಮನೆಗೆ ಹೋಗಿ, ಅವಳೆದುರು ನಿಂತು, ಬಾಯಿ ತೆರೆದು, "ನನಗೆ ಬೆನ್ನು ನೋವು," ಅಂದ.

ಹೇಡಿಗಳಿಗೆಂದೇ ಚಿಕಿತ್ಸಾಲಯ ಒಂದು ಹಳದಿ ಚೀಟಿ ಮಾಡಿದೆ. 'ನಿಮ್ಮ ನಿಕಟ ಸಂಪರ್ಕಕ್ಕೆ ಬಂದವರೊಬ್ಬರಲ್ಲಿ ಸೋಂಕು ಕಂಡುಬಂದಿದೆ. ದಯವಿಟ್ಟು ಪರೀಕ್ಷೆ ಮಾಡಿಸಿಕೊಳ್ಳಿ.' ಯಾರು ಎಂದು ಇರುವುದಿಲ್ಲ. ಹಿಂದುಗಡೆ ನಾಲ್ಕು ಪ್ರಶ್ನೆ, ತುಂಬಿಸಿಕೊಂಡು ಬರಲು. ಲ್ಯಾಬಿನಲ್ಲಿ ಅದರ ಕಟ್ಟೇ ಇತ್ತು. ಶನಿವಾರ ಒಂದನ್ನು ಲಕೋಟೆಗೆ ಹಾಕಿ, ಹೆಂಡತಿಯ ಹೆಸರು, ವಿಳಾಸವನ್ನು ಎಡಗೈಯಲ್ಲಿ ಬರೆದ. ಅರ್ಧ ಗಂಟೆ ಹಿಡಿಯಿತು. ಲಕೋಟೆಯ ಅಂಟು ಒಣಗಿಹೋಗಿತ್ತು, ಏನೋ ಅಂಟಿಸಿ ಮುಚ್ಚಿ, ತನ್ನ ಜಾಣತನಕ್ಕೆ ತಾನೇ ತಲೆದೂಗಿದ. ಲಕೋಟೆ ಪೆಟ್ಟಿಗೆಯೊಳಗೆ ಠಪ್ಪೆಂದು ಬಿದ್ದ ಮೇಲೆ ತಲೆ ಓಡತೊಡಗಿತು: ಒಬ್ಬನೇ ಗಂಡನಿರುವ ಹೆಂಗಸಿಗೆ ಹೆಸರಿಲ್ಲದ ಚೀಟಿ ಕಳಿಸಿ ಏನು ಬಚ್ಚಿಟ್ಟಂತಾಯಿತು? ಆಮೇಲೆ, ಭಾನುವಾರ ನೆಲದ ಮೇಲೆ ಹೊರಳಾಡುವಾಗ, ಅದಕ್ಕಿಂತ ಹೀನವಾದ ಒಂದು ಯೋಚನೆ ತಲೆಯೆತ್ತಿತು. ಚೀಟಿ ಬಂದ ಮೇಲೂ ಅವಳು ಏನೂ ಕೇಳದೆ ತೆಪ್ಪಗೆ ಚಿಕಿತ್ಸಾಲಯಕ್ಕೆ ಹೋಗಿಬಂದರೆ? ಆಗ ಅವಳಿಗೂ ಯಾರೋ ಇದ್ದ ಹಾಗಾಯಿತಲ್ಲ. ಆ ಯಾರೋ ಎಂಬವನಿಗೆ ಅವನು ಸ್ಕೂಲಿನ ಡ್ರಿಲ್ ಮಾಸ್ತರನ ಮೀಸೆ ಅಂಟಿಸಿ ನೋಡಿದ. ಹೊಟ್ಟೆಕಿಚ್ಚಾಗಬೇಕಿತ್ತು, ಹಾಯೆನಿಸಿತು. ಹಾಯೆನಿಸಿದ್ದಕ್ಕೆ ತನ್ನ ಮೇಲೆ ತನಗೇ ಅಸಹ್ಯ ಹುಟ್ಟಿತು, ಆದರೂ ಡ್ರಿಲ್ ಮಾಸ್ತರನನ್ನು ಪೂರ್ತಿ ಹೊರಗೆ ಹಾಕಲಿಲ್ಲ.

ಲ್ಯಾಬಿನಲ್ಲಿ ಅಕ್ಕ ಆಗಲೇ ಜೆಲ್ಲನ್ನು ಬಣ್ಣದ ನೀರಿನಿಂದ ತೆಗೆದಿದ್ದಳು. ನಿವೃತ್ತಿಗೆ ಎರಡು ವರ್ಷವಿರುವ ಹಿರಿಯ ಟೆಕ್ನಿಶಿಯನ್ನು, ಮೇಡಮ್ಮಿನಿಂದ ಹಿಡಿದು ಎಲ್ಲರಿಗೂ ಅವಳು ಅಕ್ಕನೇ. ಇಬ್ಬರೂ ಕತ್ತಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ನೇರಳೆ ದೀಪ ಹೊತ್ತಿಸಿದರು. ಪಟ್ಟೆಗಳು ಹೊಳೆದವು. ಮೊದಲ ಸಾಲು ಯಾವತ್ತೂ ಮನೆಅಳಿಯನದು. ಮನೆಅಳಿಯ ಎಂದರೆ ಲ್ಯಾಬು ಫ್ರೀಜರಿನಲ್ಲಿ ಸಾಕಿಕೊಂಡು ಬಂದ ಹಳೇ ತಳಿ, ಯಾವ ಕಾಲದ ಯಾವ ಗಂಡಸಿನದೋ. ಅದರ ಪಟ್ಟೆ ಹೇಗಿರಬೇಕೆಂದು ಎಲ್ಲರಿಗೂ ಬಾಯಿಪಾಠ. ಪ್ರತಿ ಸಲವೂ ಅದನ್ನು ಜೊತೆಗೆ ಓಡಿಸಬೇಕು. ಅದು ಸರಿ ಬಂದರೆ ಕೆಲಸ ಸರಿಯಾಗಿದೆ ಎಂದು ಅರ್ಥ. ಕೆಲಸವಿಲ್ಲ ಕಾರ್ಯವಿಲ್ಲ, ಕೂತಲ್ಲಿಗೆ ಊಟ, ಎಲ್ಲರಿಗಿಂತ ಮುಂದೆ ಆಸನ, ಅದಕ್ಕೇ ಆ ಹೆಸರು. ಇಟ್ಟವಳು ಅಕ್ಕನೇ.

ಅವನು ಉಸಿರು ಹಿಡಿದು ಕೊನೆಯ ಸಾಲು ನೋಡಿದ. ತನ್ನ ಪಟ್ಟೆ, ನಿನ್ನೆ ಉಳಿದವುಗಳ ಜೊತೆ ತಾನೇ ಸದ್ದಿಲ್ಲದೆ ಸೇರಿಸಿದ್ದು. ಇದು ಈ ವರ್ಷದ ಯಾವ ನಂಬರಿಗೆ ಹೊಂದುತ್ತದೋ, ಯಾವ ಊರಿನಿಂದ ಎಷ್ಟು ಜನರನ್ನು ಹಾದು ಆ ಪಕ್ಕದ ಬೆಂಚಿನವಳಿಗೆ ಬಂತೋ ಎಂದು ಎಣಿಸುತ್ತಿರುವಾಗಲೇ ಅಕ್ಕ ಕನ್ನಡಕ ಮೇಲೇರಿಸಿದಳು.

"ಏಯ್, ಇಲ್ಲಿ ನೋಡೋ. ನಮ್ಮ ಮನೆಅಳಿಯ ಎರಡು ಕಡೆ ಕೂತಿದಾನೆ."

"ಎಲ್ಲಿ?"

"ಐವತ್ತೊಂಬತ್ತರಲ್ಲಿ. ನೋಡು, ಪಟ್ಟೆಗೆ ಪಟ್ಟೆ ಅವನೇ. ಯಾವನೋ ಮನೆಅಳಿಯನ್ನ ಮುಟ್ಟಿದ ಲೂಪು ಸುಡದೆ ಹಂಗೇ ಇದಕ್ಕೆ ಹಚ್ಚಿದಾನೆ. ಮಾದರೀಲಿ ಏನೂ ಇರ್ಲಿಲ್ಲ, ಇವನು ಬಂದು ಬೆಳೆದುಕೊಂಡಿದಾನೆ. ಯಾರದ್ದಿದು? ಫಾರಂ ಎಲ್ಲಿ?"

ಲೂಪು ಕೆಂಪಗಾಗುವ ತನಕ ಸುಡಬೇಕು ಎಂದು ಲ್ಯಾಬಿಗೆ ಬಂದವರಿಗೆಲ್ಲ ಪಾಠ ಹೇಳುವವನು ಅವನು. ಗೋಡೆಯ ಮೇಲೆ ಬರೆದು ಅಂಟಿಸಿದವನೂ ಅವನೇ. ಬುಧವಾರದ ಚಪ್ಪಲಿ ಸದ್ದು ಕಿವಿಯಲ್ಲಿ ಮತ್ತೆ ಕೇಳಿಸಿತು. ಅವನು ನಕ್ಕುಬಿಟ್ಟ. ನಗು ನಿಲ್ಲಲಿಲ್ಲ. ಕತ್ತಲಲ್ಲಿ ಗೋಡೆ ಹಿಡಿದುಕೊಂಡು ನಕ್ಕ.

"ಫಾರಂ ಇಲ್ಲ ಅಕ್ಕ. ಸುಮ್ನೆ... ಪ್ರಾಕ್ಟೀಸಿಗೆ ಇಟ್ಟಿದ್ದೆ."

"ಇಪ್ಪತ್ತು ವರ್ಷ ಆದ್ಮೇಲೆ ನಿಂಗೆಂಥ ಪ್ರಾಕ್ಟೀಸು?" ಅಕ್ಕ ನೇರಳೆ ಬೆಳಕಿನಲ್ಲಿ ಅವನ ಮುಖವನ್ನು ಇನ್ನೊಂದು ಪಟ್ಟೆಯ ಹಾಗೆ ನಿಧಾನವಾಗಿ ನೋಡಿದಳು. "ಸರಿ, ನಾನೇನೂ ನೋಡಿಲ್ಲ. ಹೋಗಿ ಒಂದು ಲೋಟ ನೀರು ಕುಡಿ."

ಒಂದಲ್ಲ, ನಾಲ್ಕು ಲೋಟ ಕುಡಿದ. ಹನ್ನೆರಡರ ಹೊತ್ತಿಗೆ ಉರಿ ಅರ್ಧ ಇಳಿದಿತ್ತು. ಎರಡರ ಹೊತ್ತಿಗೆ, ಆ ಉರಿ ಇತ್ತೇ ಇಲ್ಲವೇ ಎಂದೇ ಅನುಮಾನ. ಏನೂ ಆಗಿಲ್ಲ! ಪ್ಲೇಟಿನ ಮೇಲೆ ಬೆಳೆದದ್ದು ತನ್ನ ಪಾಪವಲ್ಲ, ಫ್ರೀಜರಿನ ಮುದುಕ. ತಾನು ನಾಲ್ಕು ರಾತ್ರಿ ಬೇರೊಬ್ಬನ ರೋಗಕ್ಕೆ ನೆಲದ ಮೇಲೆ ಮಲಗಿದ್ದೆನೆಂದು ಅವನಿಗೆ ಆ ಮುದುಕನ ಮೇಲೆ ಸಿಟ್ಟು, ಪ್ರೀತಿ ಎರಡೂ ಬಂತು. ಈಗ ಉಳಿದದ್ದು ಲಕೋಟೆಯೊಂದೇ. ಮೂರಕ್ಕೆ ಅಂಚೆ, ಅವಳು ಸ್ಕೂಲಿನಿಂದ ಬರುವುದು ನಾಲ್ಕೂವರೆಗೆ. ನಡುವೆ ಒಂದೂವರೆ ಗಂಟೆ ತನ್ನದು. ತಲೆನೋವು ಎಂದು ಮೇಡಮ್ಮಿಗೆ ಹೇಳಿ, ಬೆನ್ನನ್ನು ಬಿಟ್ಟು ತಲೆಯನ್ನು ಹಿಡಿದುಕೊಂಡು ಹೊರಬಿದ್ದ. ಬಸ್ಸಿನಲ್ಲಿ ಡ್ರಿಲ್ ಮಾಸ್ತರನನ್ನು ಮೀಸೆ ಸಮೇತ ಇಳಿಸಿ ಕಳಿಸಿದ. ಆ ಮಧ್ಯಾಹ್ನದ ಕೋಣೆಯೂ ಮಸುಕಾಗುತ್ತ ಬಂತು. ರೋಗವೇ ಇಲ್ಲವೆಂದ ಮೇಲೆ ನಡೆದದ್ದೂ ನಡೆದಿಲ್ಲವೆಂಬಂತೆ ಒಂದು ಹಗುರ. ಲ್ಯಾಬಿನ ಗ್ಲಾಸಿನ ಹಾಗೆ ತೊಳೆದು ಬೋರಲು ಹಾಕಿದರಾಯಿತು. ಇವತ್ತು ಮಂಚದ ಮೇಲೆ ಮಲಗುತ್ತೇನೆ ಎಂದುಕೊಂಡ.

ಮೂರೂಕಾಲಿಗೆ ಪೆಟ್ಟಿಗೆಯ ಬೀಗ ತೆಗೆದ. ಖಾಲಿ. ನಾಳೆ ಬರುತ್ತದೆ, ನಾಳೆಯೂ ತಲೆನೋವು ಎಂದರಾಯಿತು ಎಂದು ಸಿಳ್ಳೆ ಹಾಕುತ್ತ ಮೆಟ್ಟಿಲು ಹತ್ತಿದ. ಬಾಗಿಲು ತೆರೆದೇ ಇತ್ತು.

ಅವಳು ಊಟದ ಮೇಜಿನ ಮೇಲೆ ಉತ್ತರಪತ್ರಿಕೆಗಳ ರಾಶಿ ಹರಡಿಕೊಂಡು ಕೂತಿದ್ದಳು. ಕೈಯಲ್ಲಿ ಕೆಂಪು ಪೆನ್ನು. ಮಧ್ಯದಲ್ಲಿ ಸಕ್ಕರೆ ಡಬ್ಬಿ. ಡಬ್ಬಿಗೆ ತಾಗಿಸಿ ನಿಲ್ಲಿಸಿದ್ದ ಲಕೋಟೆ.

"ಇದೇನು, ಇಷ್ಟು ಬೇಗ?" ಅಂದ.

"ಅರ್ಧ ದಿನ ಅಂತ ಬೆಳಿಗ್ಗೆ ಹೇಳಿದ್ನಲ್ಲ. ಹೂಂ ಅಂದ್ರಿ." ಅವಳು ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಪತ್ರಿಕೆ ಮುಗಿಸಿ, ಅಂಕ ಕೂಡಿಸಿ, ಪಕ್ಕಕ್ಕಿಟ್ಟಳು. "ಕೂತ್ಕೊಳ್ಳಿ. ಬೆನ್ನು ನೋಡ್ಕೊಂಡು."

ಕೂತ. ಲಕೋಟೆಯ ಬಾಯಿಗೆ ನೀಲಿ ಟೇಪು. ಅದರ ಬಲತುದಿ ಅಕ್ಕಿಕಾಳಿನಷ್ಟು ಒಳಕ್ಕೆ ಮಡಚಿತ್ತು. ಪಕ್ಕದಲ್ಲಿ ಸಕ್ಕರೆ ಡಬ್ಬಿಯ ಟೇಪು, ಅದೇ ತುದಿ, ಅದೇ ಮಡಿಕೆ. ಅವಳು ಎರಡನ್ನೂ ಒಂದೇ ಎತ್ತರಕ್ಕೆ ಸರಿಯಾಗಿ ಹೊಂದಿಸಿ ಇಟ್ಟಿದ್ದಳು.

"ಅಕ್ಷರ ನೋಡಿ ಮೊದಲು ಒಂದನೇ ಕ್ಲಾಸಿನ ಮಗು ಯಾವುದೋ ನನಗೆ ಕಾಗದ ಬರೆದಿದೆ ಅಂದ್ಕೊಂಡೆ," ಅಂದಳು. "ಆಮೇಲೆ ಬಿಚ್ಚೋಕೆ ಹೋದ್ರೆ ಟೇಪು ಎಷ್ಟು ಸಲೀಸಾಗಿ ಬಂತು ಗೊತ್ತಾ."

ಅವನು ಕೈಯಲ್ಲಿ ತುರುಪಿದೆ ಎಂದು ಧೈರ್ಯ ತಂದುಕೊಂಡ. "ಅಯ್ಯೋ, ಅದಾ? ಅದು ಸುಳ್ಳು. ಅಂದ್ರೆ ಲ್ಯಾಬಲ್ಲಿ ತಪ್ಪಾಯ್ತು. ಲೂಪು ಸುಟ್ಟಿರ್ಲಿಲ್ಲ. ಬೆಳೆದದ್ದು ನಮ್ಮ ಮನೆಅಳಿಯ, ಹೇಳಿದ್ನಲ್ಲ ನಿಂಗೆ, ಆ ಹಳೇ ತಳಿ. ಇವತ್ತು ಜೆಲ್ ನೋಡಿದ್ವಿ. ನನಗೇನೂ ಇಲ್ಲ, ನಿನಗೂ ಏನೂ ಇಲ್ಲ. ಬೇಕಾದ್ರೆ ಅಕ್ಕನ್ನ ಕೇಳು!"

ಅವಳು ಪೂರ್ತಿ ಮುಗಿಸುವವರೆಗೆ ಕಾದಳು.

"ಒಳ್ಳೇದಾಯ್ತು," ಅಂದಳು. ಅವಳ ದನಿಯಲ್ಲಿ ನಿಜವಾಗಿಯೂ ಒಂದು ಸಮಾಧಾನವಿತ್ತು, ಅದು ಅವನಿಗೆ ಬೈದಿದ್ದಕ್ಕಿಂತ ಹೆಚ್ಚು ಚುಚ್ಚಿತು. "ಏನೂ ಇಲ್ಲ ಅಂತ ನಿಮಗೆ ಇವತ್ತು ಗೊತ್ತಾಯ್ತು. ಅದಕ್ಕೆ ಮುಂಚೆ ಇರಬಹುದು ಅಂತ ಯಾಕೆ ಅನ್ನಿಸ್ತು?"

ಕೆಳಗಿನ ರಸ್ತೆಯಲ್ಲಿ ಯಾರೋ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದರು. ಅದರ ಪೀಂ ಪೀಂ ಸದ್ದನ್ನು ಅವನು ಬಹಳ ಗಮನವಿಟ್ಟು ಕೇಳಿದ. ಜೆಲ್ಲಿನಲ್ಲಿ, ಫ್ರೀಜರಿನಲ್ಲಿ, ಇಪ್ಪತ್ತು ವರ್ಷದ ಕಡತಗಳಲ್ಲಿ ಈ ಪ್ರಶ್ನೆಗೆ ಉತ್ತರ ಇರಲಿಲ್ಲ. ಮುದುಕನೂ ಕೈಬಿಟ್ಟಿದ್ದ. ಅವಳು ಹಳದಿ ಚೀಟಿಯನ್ನು ಲಕೋಟೆಯಿಂದ ತೆಗೆದು ಹಿಂದುಮುಂದಾಗಿಸಿ ಮೇಜಿನ ಮೇಲಿಟ್ಟಳು. ನಾಲ್ಕು ಪ್ರಶ್ನೆಗಳು. ಮೂರನೆಯದರ ಎದುರು ಅವಳ ಗುಂಡು ಅಕ್ಷರದಲ್ಲಿ 'ಒಂದು' ಎಂದು ಬರೆದಿತ್ತು.

"ನಂದು ತುಂಬಿಸಿದೀನಿ," ಅಂದಳು. ಕೆಂಪು ಪೆನ್ನಿನ ತುದಿ ಪ್ರಶ್ನೆಯ ಕೆಳಗೆ ನಿಂತಿತು. "ಕಳೆದ ಮೂರು ತಿಂಗಳಲ್ಲಿ, ಎಷ್ಟು ಜನ?"

ಹೇಳಬೇಕೆಂದೇ ಬಾಯಿ ತೆರೆದ. ಎರಡು ಎಂಬುದು ಎಂಥ ಸಣ್ಣ ಮಾತು, ಅವಳು ಕಲಿಸುವ ಮಕ್ಕಳು ಅದಕ್ಕಿಂತ ದೊಡ್ಡ ಸಂಖ್ಯೆಗಳನ್ನು ಹೆದರದೆ ಹೇಳುತ್ತಾರೆ. ಅದು ನಾಲಗೆಯ ಮೇಲೆ ಬಂದೇ ಇತ್ತು. ಹೊರಗೆ ಬಿದ್ದದ್ದು ಮಾತ್ರ ಬೇರೆ.

"ಅಷ್ಟೇನಿಲ್ಲ."

ಅವಳ ತುಟಿಯ ಒಂದು ಕೊನೆ, ಹಳೆಯ ಅಭ್ಯಾಸಕ್ಕೆ, ನಗಲೆಂದು ಮೇಲೆದ್ದಿತು. ಅಷ್ಟರಲ್ಲಿ ಅವಳ ಕಣ್ಣು ತುಂಬಿತು. ಅವಳು ಒರೆಸಿಕೊಳ್ಳಲಿಲ್ಲ. 'ಒಂದು' ಎಂಬುದರ ಕೆಳಗೆ ಅವನ ಉತ್ತರವನ್ನು ಅಕ್ಷರ ಬಿಡದೆ ಬರೆದು, ಅದರ ಸುತ್ತ ನಿಧಾನವಾಗಿ ಒಂದು ಕೆಂಪು ಸುತ್ತು ಹಾಕಿದಳು.

"ಇದು ಬೇರೆಯವರದ್ದನ್ನ ನೋಡಿ ಬರೆದದ್ದು," ಅಂದಳು. "ನಿಮ್ಮದು ನೀವೇ ಬರೀರಿ."

ಚೀಟಿಯನ್ನೂ ಪೆನ್ನನ್ನೂ ಅವನ ಕಡೆಗೆ ಸರಿಸಿದಳು. ಅವನು ಪೆನ್ನು ತೆಗೆದುಕೊಂಡ, ಬಲಗೈಯಲ್ಲಿ.